ಕಥೆ ನಿಲ್ಲುವಲ್ಲಿ ಹಾಡು ಏಕೆ ಬರುತ್ತದೆ

ಮಾನ್ಯ ಸಭಿಕರೆ,

ನಮ್ಮ ಜನಪ್ರಿಯ ಸಿನಿಮಾದ ಮೇಲೆ ಓದಿದವರು ಹೊರಿಸುತ್ತ ಬಂದಿರುವ ಹಳೆಯ ಆರೋಪವೆಂದರೆ, ಅದರಲ್ಲಿ ಕಥೆ ನೆಟ್ಟಗೆ ಸಾಗುವುದಿಲ್ಲ ಎಂಬುದು. ನಾಯಕ ಸಂಕಟದಲ್ಲಿರುವಾಗಲೇ ಹಾಡು ಬರುತ್ತದೆ, ಅದರ ಬೆನ್ನಿಗೇ ಹಾಸ್ಯಗಾರ ಬರುತ್ತಾನೆ, ನಡುವೆ ಮಧ್ಯಂತರ ಬೇರೆ. ಅವರು ಕಂಡದ್ದೆಲ್ಲ ನಿಜವೇ. ಆದರೆ ಅದನ್ನು ದೋಷವೆಂದು ಕರೆಯುವುದನ್ನು ನಾನು ಒಪ್ಪಲಾರೆ. ಹಾಗೆನ್ನಲು ಕಾರಣ ನಮ್ಮ ಹಾಸನ ಸೀಮೆಯಲ್ಲೇ ಇದೆ.

ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವನ್ನು ಅರಿಯದವರು ವಿರಳ. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಾಲೀಮು ನಡೆಸಿ, ಸೀನರಿಯನ್ನು ಬಾಡಿಗೆಗೆ ತಂದು, ಬೆಳಗಿನವರೆಗೆ ಆಡುವ ಈ ನಾಟಕದ ಕಥೆ ಚಾಪೆ ಹಾಸಿಕೊಂಡು ಕುಳಿತ ಅಜ್ಜಿಗೂ ಪಕ್ಕದ ಮೊಮ್ಮಗುವಿಗೂ ಗೊತ್ತು. ಮುಂದೇನಾದೀತೆಂಬ ಕುತೂಹಲಕ್ಕಾಗಿ ಅಲ್ಲಿ ಯಾರೂ ನಿದ್ದೆಗೆಟ್ಟವರಲ್ಲ. ಮಲಗಿರುವ ಕೃಷ್ಣನ ತಲೆಯ ಬಳಿ ದುರ್ಯೋಧನ, ಕಾಲ ಬಳಿ ಅರ್ಜುನ ಕುಳಿತಿರುವ ದೃಶ್ಯವನ್ನು ನೆನಪಿಸಿಕೊಳ್ಳಿ. ದುರ್ಯೋಧನನ ಪಾತ್ರಧಾರಿ ಒಂದು ಕಂದಪದ್ಯ ಎತ್ತಿಕೊಂಡನೆಂದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಕೊನೆಯ ಸಾಲನ್ನು ಅವನು ಆಲಾಪದಲ್ಲಿ ಎಳೆದಷ್ಟೂ ಆ ರಾಜನ ಬಿಂಕ ಮತ್ತು ಬಿಂಕದ ಒಳಗಿರುವ ಅಳುಕು ಎರಡೂ ತೆರೆದುಕೊಳ್ಳುತ್ತವೆ, ಹಿಂದಿನಿಂದ 'ಒನ್ಸ್ ಮೋರ್' ಎಂಬ ಕೂಗು ಏಳುತ್ತದೆ, ಆತ ಅದನ್ನೇ ಮತ್ತೆ ಹಾಡುತ್ತಾನೆ. ಜನ ರಾತ್ರಿಯೆಲ್ಲ ಕಾದು ಕುಳಿತದ್ದು ಆ ನಿಲುಗಡೆಗಾಗಿಯೇ.

ಮಾತು ಕಲಿತ ಸಿನಿಮಾ ಈ ರಂಗಭೂಮಿಯ ಮನೆಯಿಂದಲೇ ಹೊರಟಿತು. ಹಿಂದಿಯ ಮೊದಲ ವಾಕ್ಚಿತ್ರವಾದ 1931ರ 'ಆಲಂ ಆರಾ'ದಲ್ಲಿ ಏಳು ಹಾಡುಗಳಿದ್ದರೆ, ಮರುವರ್ಷದ 'ಇಂದ್ರಸಭಾ'ದಲ್ಲಿ ಅವುಗಳ ಸಂಖ್ಯೆ ಎಪ್ಪತ್ತರ ಆಸುಪಾಸಿಗೆ ಹೋಯಿತು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದಾಗ ಇಂದ್ರಜಿತುವಾಗಿದ್ದ ಸುಬ್ಬಯ್ಯ ನಾಯ್ಡು, ರಾವಣನಾಗಿದ್ದ ಆರ್. ನಾಗೇಂದ್ರರಾಯರು ಇಬ್ಬರೂ ನಾಟಕದವರು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ 1954ರ 'ಬೇಡರ ಕಣ್ಣಪ್ಪ'ದಲ್ಲಿ ನಾಯಕನಾದರು. ಅವರ ಮುಖಕ್ಕೆ ಪಿ.ಬಿ. ಶ್ರೀನಿವಾಸರ ಕಂಠವನ್ನು ಪ್ರೇಕ್ಷಕ ವರ್ಷಾನುಗಟ್ಟಲೆ ಒಪ್ಪಿಕೊಂಡ. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ರಾಜ್ ತಾವೇ ಹಾಡಿದಾಗ ಅದನ್ನೂ ಅಷ್ಟೇ ಪ್ರೀತಿಯಿಂದ ಬರಮಾಡಿಕೊಂಡ. ಹಾಡುವ ಬಾಯಿ, ಹಾಡಿದ ಕಂಠ ಒಬ್ಬರದೇ ಆಗಿರಬೇಕೆಂಬ ಹಟ ಅವನಿಗಿರಲಿಲ್ಲ, ಭಾವ ಕೂಡಿಬಂದರೆ ಸಾಕಿತ್ತು. ಇಷ್ಟು ಪ್ರಬುದ್ಧನಾದ ನೋಡುಗನನ್ನು ಮುಗ್ಧನೆಂದು ಕರೆಯುವುದು ಅನ್ಯಾಯ.

ನಾಯಕನ ಪ್ರವೇಶದ ರೀತಿಯೂ ಹೀಗೆಯೇ ಬಂದದ್ದು. ಬಯಲುಸೀಮೆಯ ಬಯಲಾಟವಾದ ಮೂಡಲಪಾಯದಲ್ಲಿ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಅದರ ಹಿಂದೆ ವೇಷಧಾರಿ ಕುಣಿಯುವಾಗ ಮೊದಲು ಗೆಜ್ಜೆಯ ಸದ್ದು ಕೇಳುತ್ತದೆ, ಆಮೇಲೆ ಕಿರೀಟದ ತುದಿ, ಕಟ್ಟಕಡೆಗೆ ಮುಖ. ಮೊದಲು ಕಾಲು, ಅನಂತರ ಕೈ, ಕೊನೆಗೆ ಮುಖ ತೋರಿಸಿ ಶಿಳ್ಳೆ ಗಿಟ್ಟಿಸುವ ಕ್ಯಾಮೆರಾ ಈ ಕ್ರಮವನ್ನೇ ಅನುಸರಿಸುತ್ತದೆ. ಆದರೆ ತೆರೆ ಸರಿದ ಮೇಲೆ ಮೂಡಲಪಾಯದ ಪಾತ್ರಧಾರಿ ಮಾತಿಗೂ ಪದಕ್ಕೂ ತೊಡಗಿ ತನ್ನ ಯೋಗ್ಯತೆಯನ್ನು ತೋರಿಸಲೇಬೇಕಿತ್ತು. ಇಂದಿನ ಹಲವು ಅದ್ದೂರಿ ಚಿತ್ರಗಳು ಮೂರು ತಾಸು ತೆರೆಯನ್ನೇ ಸರಿಸುತ್ತಿರುತ್ತವೆ. ನಿಧಾನಗತಿಯ ನಡಿಗೆ, ಕಿವಿಗಡಚಿಕ್ಕುವ ಹಿನ್ನೆಲೆ ಸಂಗೀತ, ಮತ್ತೆ ಅದೇ ನಡಿಗೆ. ಹಾಡುಗಳನ್ನು ಕತ್ತರಿಸಿ ಆ ಜಾಗಕ್ಕೆ ಇದನ್ನು ತುಂಬಿದ್ದು ನನ್ನ ಪ್ರಕಾರ ದೊಡ್ಡ ನಷ್ಟ. ಒಲ್ಲೆನೆಂದ ಹುಡುಗಿಯ ಬೆನ್ನುಬೀಳುವುದನ್ನು ಪ್ರೇಮವೆಂದು ತೋರಿಸುವ ಚಾಳಿಯಂತೂ ಯಾವ ಪರಂಪರೆಯ ಹೆಸರಿನಲ್ಲೂ ಸಮರ್ಥನೀಯವಲ್ಲ.

2006ರ ಕೊನೆಯಲ್ಲಿ ತೆರೆಕಂಡ 'ಮುಂಗಾರು ಮಳೆ'ಯ ಒಂದು ಭಾಗ ನಮ್ಮ ಸಕಲೇಶಪುರದ ಕಡೆ ಚಿತ್ರಿತವಾಯಿತು. ಬೇರೊಬ್ಬನೊಡನೆ ಮದುವೆ ನಿಶ್ಚಯವಾದವಳನ್ನು ಪ್ರೀತಿಸಿ, ಕೊನೆಗೆ ತಾನೇ ದೂರ ಸರಿಯುವವನ ಕಥೆಯಲ್ಲಿ ಹೊಸತೇನೂ ಇರಲಿಲ್ಲ. ಹಾಗಿದ್ದೂ ಅದು ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿತು. ನಿರ್ದೇಶಕ ಯೋಗರಾಜ್ ಭಟ್ಟರು ಕಥೆಯನ್ನು ಮಳೆಯಲ್ಲಿ ನಿಲ್ಲಿಸಲು ಹೆದರಲಿಲ್ಲ. ಮನೋಮೂರ್ತಿಯವರ ರಾಗಗಳು, ಜಯಂತ ಕಾಯ್ಕಿಣಿಯವರ ಸಾಲುಗಳು ಆ ನಿಲುಗಡೆಗೆ ಅರ್ಥ ತುಂಬಿದವು. ಮಲೆನಾಡಿನವರಾದ ನಾವು ದಿನವೂ ನೋಡುವ ಮಳೆಯನ್ನೇ ದುಡ್ಡು ಕೊಟ್ಟು ಮತ್ತೆ ಮತ್ತೆ ನೋಡಿ ಬಂದೆವು.