ಡಬ್ಬದ ಮೇಲಿನ 255 ಲೀಟರ್

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹಲವರ ತೋಟದಲ್ಲಿ ಬೋರ್‌ವೆಲ್ ಇರುತ್ತದೆ. ಮೋಟರ್ ಕೊಳ್ಳಲು ಹೋದಾಗ ಮನೆಯ ಹಿರಿಯರು ಅಂಗಡಿಯವರನ್ನು ಮೊದಲು ಕೇಳುವುದು, ‘ಎಷ್ಟು ಅಡಿಯಿಂದ ಎಷ್ಟು ನೀರು ಎತ್ತುತ್ತದೆ’ ಅಂತ. ಇನ್ನೂರು ಅಡಿಯಿಂದ ಪೈಪು ತುಂಬ ನೀರು ಹೊಡೆಯುವ ಮೋಟರನ್ನೇ ಇನ್ನೂ ಆಳಕ್ಕೆ ಇಳಿಸಿದರೆ ನೀರು ಬೆರಳು ಗಾತ್ರಕ್ಕೆ ಬರುತ್ತದೆ. ವೋಲ್ಟೇಜ್ ಬಿದ್ದ ದಿನ ಅದೂ ಇಲ್ಲ. ಇಷ್ಟು ತಿಳಿದವರಿಗೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಕಾರಿನಲ್ಲಿ ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪಿನ ವಿಷಯ ಅರ್ಧ ತಿಳಿದಂತೆಯೇ. ಆದರೆ ಅದೇ ಮನೆಯ ಹುಡುಗ ಕಾರಿಗೆ ಪಂಪು ಕೊಳ್ಳುವಾಗ ಡಬ್ಬದ ಮೇಲೆ ‘ಗಂಟೆಗೆ 255 ಲೀಟರ್’ ಅಂತ ಬರೆದದ್ದನ್ನು ಮಾತ್ರ ನೋಡುತ್ತಾನೆ. ಎಷ್ಟು ಒತ್ತಡದಲ್ಲಿ, ಎಷ್ಟು ವೋಲ್ಟಿನಲ್ಲಿ ಅಂತ ಕೇಳುವುದಿಲ್ಲ. ನನ್ನ ಇವತ್ತಿನ ಮಾತೆಲ್ಲ ಆ ಎರಡು ಪ್ರಶ್ನೆಗಳ ಸುತ್ತ.

ಉದಾಹರಣೆಗೆ 1993ರಲ್ಲಿ ಜಪಾನಿನಲ್ಲಿ ಬಂದ ಟೊಯೊಟಾ ಸುಪ್ರಾವನ್ನು ತೆಗೆದುಕೊಳ್ಳೋಣ. ಅದರ ಟರ್ಬೊ ಮಾದರಿಯ ಎಂಜಿನ್ 2ಜೆಝಡ್-ಜಿಟಿಇ: ಮೂರು ಲೀಟರ್, ಒಂದೇ ಸಾಲಿನಲ್ಲಿ ಆರು ಸಿಲಿಂಡರ್, ಎರಡು ಟರ್ಬೊ. ಜಪಾನಿನ ಕಾರಿಗೆ ಕಂಪನಿ ಕೊಟ್ಟ ಶಕ್ತಿ 280 ಪಿಎಸ್ (ಪಿಎಸ್ ಅಂದರೆ ಹೆಚ್ಚುಕಡಿಮೆ ಎಚ್‌ಪಿಯಷ್ಟೇ). ಬ್ಲಾಕ್ ಬೀಡುಕಬ್ಬಿಣದ್ದು, ಬಹಳ ಗಟ್ಟಿ. ಹಾಗಾಗಿ ದೊಡ್ಡ ಟರ್ಬೊ ಕೂರಿಸಿ ಅದನ್ನು 600 ಎಚ್‌ಪಿಗೆ ಏರಿಸುವವರು ಲೋಕದಲ್ಲೆಲ್ಲ ಇದ್ದಾರೆ. ಎಂಜಿನ್ ತಾಳುತ್ತದೆ. ಆದರೆ 280ರ ಲೆಕ್ಕಕ್ಕೆ ಇಟ್ಟ ಪಂಪು, ಅದರ ವೈರು, ಅದರ ಪೈಪು ತಾಳುವುದಿಲ್ಲ.

ಲೆಕ್ಕ ಸುಲಭ. ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ತಿ ಬೂಸ್ಟಿನಲ್ಲಿ, ಅಂದರೆ ಟರ್ಬೊ ಗಾಳಿಯನ್ನು ಪೂರ್ತಿ ಒತ್ತುವಾಗ, ಒಂದು ಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. 600 ಎಚ್‌ಪಿಗೆ 162 ಕಿಲೋ. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗೆ ಒಂದಿಷ್ಟು ಕಡಿಮೆ. ಅಂದರೆ ಗಂಟೆಗೆ 215-220 ಲೀಟರ್ ಬೇಕು. ‘ಹಾಗಾದರೆ 255 ಸಾಕಲ್ಲ’ ಅನಿಸುತ್ತದೆ. ಆ 255 ಬರುವುದು ಸುಮಾರು 3 ಬಾರ್ ಒತ್ತಡದಲ್ಲಿ, ಪಂಪಿನ ಟರ್ಮಿನಲ್ಲಿಗೇ 13.5 ವೋಲ್ಟ್ ಸಿಕ್ಕಾಗ. ಟರ್ಬೊ ಕಾರಿನಲ್ಲಿ ಬೂಸ್ಟ್ ಎಷ್ಟು ಏರುತ್ತದೋ ರೈಲಿನ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪಿನ) ಒತ್ತಡವನ್ನೂ ರೆಗ್ಯುಲೇಟರ್ ಅಷ್ಟೇ ಏರಿಸಬೇಕು. ಇಲ್ಲದಿದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಾಯಿಗೆ ಎದುರಾಗುವ ಗಾಳಿಯನ್ನು ತಳ್ಳಿಕೊಂಡು ಬೇಕಾದಷ್ಟು ಪೆಟ್ರೋಲ್ ಒಳಗೆ ಹೋಗುವುದಿಲ್ಲ. 1.7 ಬಾರ್ ಬೂಸ್ಟ್ ಇಟ್ಟರೆ ಪಂಪು 4.7 ಬಾರ್ ಎದುರು ದುಡಿಯಬೇಕು. ನೀರಿನ ಲೆಕ್ಕದಲ್ಲಿ ಒಂದು ಬಾರ್ ಅಂದರೆ ಹತ್ತು ಮೀಟರ್. ಮೂವತ್ತು ಮೀಟರ್ ಆಳಕ್ಕೆ ತಂದ ಮೋಟರನ್ನು ನಲವತ್ತೇಳಕ್ಕೆ ಇಳಿಸಿದಂತಾಯಿತು. ಎಂಜಿನ್ನಿಗೆ ಅತಿ ಹೆಚ್ಚು ಪೆಟ್ರೋಲ್ ಬೇಕಾದ ಗಳಿಗೆಯಲ್ಲೇ ಪಂಪು ಅತಿ ಕಡಿಮೆ ಕೊಡುತ್ತದೆ. ಅದಕ್ಕೇ ಹೇಳುವುದು, ಡಬ್ಬ ಬಿಟ್ಟು ತಯಾರಕರ ಚಾರ್ಟ್ ನೋಡಿ, ನಿಮ್ಮ ಒತ್ತಡದ ಗೆರೆಯಲ್ಲಿ ಎಷ್ಟಿದೆ ಅಂತ ಓದಿ.

ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಅದೇ 600 ಎಚ್‌ಪಿಗೆ ಇನ್ನೂ ಏಳು ಪರ್ಸೆಂಟಿನಷ್ಟು ಹೆಚ್ಚು ಪ್ರಮಾಣ ಬೇಕು. ಹೊರದೇಶದ ಚಾರ್ಟು ನೋಡಿ ಇಲ್ಲಿ ಕಾರು ಕಟ್ಟುವವರು ಇದನ್ನು ಮರೆಯುತ್ತಾರೆ.

ಪೆಟ್ರೋಲ್ ಕಡಿಮೆಯಾದರೆ ಏನಾಗುತ್ತದೆ? ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಸಾಕು. ಬೂಸ್ಟಿನಲ್ಲಿ ನಾವು ಬೇಕೆಂದೇ 11.7ರ ಹತ್ತಿರ ಇಡುತ್ತೇವೆ. ಹೆಚ್ಚುವರಿ ಪೆಟ್ರೋಲ್ ಸಿಲಿಂಡರನ್ನು ತಣಿಸುತ್ತದೆ. ಇಂಜೆಕ್ಟರಿನ ಎರಡು ಬದಿಯ ಒತ್ತಡದ ವ್ಯತ್ಯಾಸ 3 ಬಾರಿನಿಂದ 2ಕ್ಕೆ ಕುಸಿಯಿತು ಅನ್ನಿ. ಹರಿವು ವರ್ಗಮೂಲದ ಲೆಕ್ಕದಲ್ಲಿ ಇಳಿಯುವುದರಿಂದ ಶೇ 18ರಷ್ಟು ಪೆಟ್ರೋಲ್ ಕಡಿಮೆಯಾಯಿತು. 11.7 ಇದ್ದದ್ದು 14.3 ಆಯಿತು. ಪೂರ್ತಿ ಬೂಸ್ಟಿನಲ್ಲಿ 14.3! ನಾಕಿಂಗ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವುದು, ಶುರುವಾಗಿ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯಲು ಕೆಲವೇ ಸೆಕೆಂಡ್ ಸಾಕು. ಹಾಗೆ ಒಡೆದ ಪಿಸ್ಟನ್ನುಗಳನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಂಚಿನ ಚೂರು ಉಗುರಿನಷ್ಟೇ ಇರುತ್ತದೆ, ಆದರೆ ಸಿಲಿಂಡರ್ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಗೀರಿಬಿಟ್ಟಿರುತ್ತದೆ.

ಈಗ ವೋಲ್ಟೇಜಿಗೆ ಬರುತ್ತೇನೆ. ಇದರ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಪಂಪಿನದಲ್ಲ, ವೈರಿನವು. ಬ್ಯಾಟರಿ ಮುಂದೆ, ಟ್ಯಾಂಕು ಹಿಂದೆ. ನಡುವೆ ಐದು ಮೀಟರ್ ವೈರು. ಒಂದು ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ದೊಡ್ಡ ಪಂಪಿನ 15 ಆಂಪಿಯರ್ ಹರಿದರೆ ದಾರಿಯಲ್ಲೇ 1.3 ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. ತುಕ್ಕು ಹಿಡಿದ ಅರ್ತ್, ಸಡಿಲವಾದ ಕನೆಕ್ಟರ್ ಸೇರಿದರೆ ಇನ್ನೂ ಅರ್ಧ ವೋಲ್ಟ್ ಹೋಯಿತು. ನಾಲ್ಕು ಚದರ ಮಿಲಿಮೀಟರಿನ ವೈರು ಹಾಕಿದರೆ ಅದೇ ದೂರಕ್ಕೆ ಕಳೆಯುವುದು 0.35 ವೋಲ್ಟ್ ಮಾತ್ರ. ಹೊಸ ಪಂಪು ಕೊಳ್ಳುವ ಮೊದಲು ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಪಂಪಿನ ಎರಡು ಟರ್ಮಿನಲ್ಲಿಗೇ ಇಟ್ಟು, ಎಂಜಿನ್ ಲೋಡಿನಲ್ಲಿರುವಾಗ ಓದಿ. ಬ್ಯಾಟರಿಯಲ್ಲಿ ಓದಿದ ಸಂಖ್ಯೆಗೆ ಇಲ್ಲಿ ಬೆಲೆಯಿಲ್ಲ.

ಸುಪ್ರಾದಲ್ಲಿ ಇನ್ನೊಂದು ಅಂಶವಿದೆ. ಅದರ ಪಂಪಿಗೆ ಬೇರೆಯೇ ಒಂದು ಕಂಟ್ರೋಲ್ ಪೆಟ್ಟಿಗೆ ಇದೆ. ಕಾರು ನಿಧಾನವಾಗಿ ಹೋಗುವಾಗ ಅದು ಪಂಪಿಗೆ ಪೂರ್ತಿ ವೋಲ್ಟೇಜ್ ಬಿಡುವುದಿಲ್ಲ. ಲೋಡ್ ಬಂದಾಗ ಬಿಡುತ್ತದೆ. ಸದ್ದು ಕಡಿಮೆ, ಟ್ಯಾಂಕಿನ ಪೆಟ್ರೋಲ್ ಬಿಸಿಯಾಗುವುದೂ ಕಡಿಮೆ. ಕಂಪನಿಯ ಸಣ್ಣ ಪಂಪಿಗೆಂದು ಮಾಡಿದ ಆ ಪೆಟ್ಟಿಗೆಯ ಮೂಲಕ ದೊಡ್ಡ ಪಂಪಿನ ಕರೆಂಟ್ ಹಾಯಿಸಬಾರದು. ಬ್ಯಾಟರಿಯಿಂದ ನೇರ ದಪ್ಪ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಹಿಂದೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಹಳೆಯ ವೈರು ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡಲಿ.

ಟ್ಯಾಂಕಿನೊಳಗಿನ ಒಂದು ಗೇಣು ಹೋಸಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಒಂದು ಕಾರಿಗೆ ಹೊಸ ಪಂಪು ಹಾಕಿ ಮೂರು ತಿಂಗಳಿಗೇ ಬೂಸ್ಟಿನಲ್ಲಿ ಒತ್ತಡ ಬೀಳತೊಡಗಿತು. ಪಂಪು ಹೊಸದು, ವೋಲ್ಟೇಜ್ ಸರಿ, ಫಿಲ್ಟರ್ ಸರಿ. ಎರಡು ದಿನ ಹುಡುಕಿ ಕೊನೆಗೆ ಹಿಂದಿನ ಸೀಟು ಎತ್ತಿ ಪಂಪು ಹೊರತೆಗೆದೆ. ಪಂಪಿನ ಬಾಯಿಗೆ ಸಿಕ್ಕಿಸಿದ ರಬ್ಬರ್ ಹೋಸು ಉಬ್ಬಿ, ನೆನೆದ ಅವಲಕ್ಕಿಯಂತೆ ಮೆತ್ತಗಾಗಿ, ಕ್ಲಿಪ್ಪಿನ ಬುಡದಲ್ಲಿ ಸೀಳಿತ್ತು. ಪೆಟ್ರೋಲ್ ಟ್ಯಾಂಕಿನಿಂದ ಟ್ಯಾಂಕಿಗೇ ಸುರಿಯುತ್ತಿತ್ತು. ಹೊರಗೆ ಒಂದು ಹನಿ ಸೋರಿಕೆಯಿಲ್ಲ. ಮಾಮೂಲಿ ಹೋಸಿಗೆ ಪೆಟ್ರೋಲ್ ತಡೆಯುವ ಪದರ ಇರುವುದು ಒಳಮೈಗೆ ಮಾತ್ರ. ಟ್ಯಾಂಕಿನಲ್ಲಿ ಅದು ಹೊರಗಿನಿಂದಲೂ ನೆನೆಯುತ್ತದೆ. ಮುಳುಗಿಸಿಡಲೆಂದೇ ತಯಾರಾದ ಹೋಸು ಬೇರೆ ಇದೆ, ಅದನ್ನೇ ಕೇಳಿ ತನ್ನಿ. ಸೀಳಿದ ಆ ಮಾಮೂಲಿ ಹೋಸು ಹಾಕಿದ್ದು ನಾನೇ. ಅಂದಿನಿಂದ ಆ ಒಂದು ಗೇಣನ್ನು ನೋಡದೆ ಯಾವ ಟ್ಯಾಂಕನ್ನೂ ಮುಚ್ಚಿಲ್ಲ.

ಟ್ರ್ಯಾಕಿನಲ್ಲಿ ಓಡಿಸುವವರಿಗೆ ಪೆಟ್ರೋಲಿನ ತುಳುಕಾಟದ ತೊಂದರೆ ಇದೆ. ಉದ್ದನೆಯ ತಿರುವಿನಲ್ಲಿ ಅರ್ಧ ಖಾಲಿ ಟ್ಯಾಂಕಿನ ಪೆಟ್ರೋಲೆಲ್ಲ ಒಂದು ಬದಿಗೆ ಸರಿಯುತ್ತದೆ, ಪಂಪು ಗಾಳಿ ಎಳೆಯುತ್ತದೆ. ಒಂದೂವರೆ-ಎರಡು ಲೀಟರಿನ ಸರ್ಜ್ ಟ್ಯಾಂಕ್ ಇಟ್ಟು, ಟ್ಯಾಂಕಿನ ಪಂಪು ಅದನ್ನು ತುಂಬುತ್ತಿರಲಿ, ದೊಡ್ಡ ಪಂಪು ಅದರಿಂದ ಎಳೆಯಲಿ.

ಎರಡು ಪಂಪು ಹಾಕಿ ಎರಡನೆಯದು ಬೂಸ್ಟ್ ಬಂದಾಗ ಮಾತ್ರ ತಿರುಗುವಂತೆ ಮಾಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಎರಡನೇ ಪಂಪು ಕೆಟ್ಟಿದೆ ಅಂತ ನಿಮಗೆ ಗೊತ್ತಾಗುವುದು ಪೂರ್ತಿ ಬೂಸ್ಟಿನಲ್ಲೇ. ಒಂದು ದೊಡ್ಡ ಪಂಪಿನಲ್ಲಿ ಮುಗಿಯುವ ಕೆಲಸವಾದರೆ ಒಂದನ್ನೇ ಹಾಕಿ. ಎರಡು ಬೇಕೇ ಬೇಕೆಂದಾದರೆ ರೈಲಿಗೆ ಒತ್ತಡದ ಸೆನ್ಸರ್ ಹಾಕಿ, ರೈಲಿನ ಒತ್ತಡಕ್ಕೂ ಬೂಸ್ಟಿಗೂ ಇರುವ ವ್ಯತ್ಯಾಸ ಕುಸಿದ ತಕ್ಷಣ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಬೂಸ್ಟ್ ಕತ್ತರಿಸುವಂತೆ ಮಾಡಿ. ಒಂದೇ ಪಂಪಿದ್ದರೂ ಆ ಸೆನ್ಸರ್ ಇರಲಿ ಅನ್ನುವವನು ನಾನು.

ಕೊನೆಯದು, ರಿಲೇಯ ವಿಷಯವೇ. ಅದನ್ನು ಎಬ್ಬಿಸುವ ವೈರನ್ನು ಕೀಲಿಯ ಇಗ್ನಿಷನ್ನಿಗೆ ನೇರ ಕೊಡುವ ಅಭ್ಯಾಸ ಹಲವು ಗ್ಯಾರೇಜುಗಳಲ್ಲಿದೆ. ಹಾಗೆ ಮಾಡಿದರೆ ಕಾರು ಎಲ್ಲಾದರೂ ಗುದ್ದಿ, ಪೈಪು ಹರಿದು, ಎಂಜಿನ್ ನಿಂತಮೇಲೂ ಪಂಪು ತಿರುಗುತ್ತಲೇ ಇರುತ್ತದೆ. ನಿಮಿಷಕ್ಕೆ ನಾಲ್ಕು ಲೀಟರ್ ಪೆಟ್ರೋಲ್ ಬಿಸಿ ಟರ್ಬೊ ಮೇಲೆ ಸುರಿಯುತ್ತದೆ. ಒಳಗೆ ಜನ ಇರುತ್ತಾರೆ. ಕಂಪನಿಯ ಪಂಪ್ ಸಿಗ್ನಲ್ಲಿನಿಂದಲೇ ರಿಲೇ ಎಬ್ಬಿಸಿ. ಎಂಜಿನ್ ನಿಂತರೆ ಇಸಿಯು ಅದನ್ನು ತಾನೇ ಕಡಿಯುತ್ತದೆ. ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಎಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಬಿಟ್ಟು ಆಫ್ ಆಗಲು ಬಿಡಿ. ಕೀಲಿ ಆನ್‌ನಲ್ಲೇ ಇರಲಿ. ಹಿಂದಿನ ಸೀಟಿನ ಮೇಲೆ ಬಾಗಿ ಕಿವಿಗೊಡಿ. ಎರಡು ಮೂರು ಸೆಕೆಂಡಿನಲ್ಲಿ ಪಂಪಿನ ಸದ್ದು ನಿಲ್ಲಬೇಕು. ನಿಲ್ಲದಿದ್ದರೆ ಆ ಕಾರನ್ನು ಯಾರ ಕೈಗೂ ಕೊಡಬೇಡಿ.