ಎಪ್ಪತ್ತೈದರಲ್ಲಿ ವಾಸಿಸುವ ಮನೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಮಾಜಿ ಸೈನಿಕರ ಎರಡು ಮಹಡಿಯ ಮನೆಗಳನ್ನು ನೀವು ನೋಡಿರಬಹುದು. ಸಿಪಾಯಿ, ನಾಯಕ್, ಹವಾಲ್ದಾರ್ ಆಗಿದ್ದವರು ನಲವತ್ತರ ಆಸುಪಾಸಿನಲ್ಲೇ ಊರಿಗೆ ಬರುತ್ತಾರೆ. ಗ್ರಾಚ್ಯುಟಿ ಸಿಗುತ್ತದೆ. ಪಿಂಚಣಿಯ ಅರ್ಧದವರೆಗೆ ಕಮ್ಯೂಟ್ ಮಾಡಿ, ಅಂದರೆ ತಿಂಗಳ ಪಿಂಚಣಿಯ ಆ ಭಾಗವನ್ನು ಬಿಟ್ಟುಕೊಟ್ಟು, ಇಡಿಗಂಟು ತೆಗೆಯಬಹುದು. ಆ ದುಡ್ಡೆಲ್ಲ ಮುರಕಲ್ಲು, ಸಿಮೆಂಟು, ಟೈಲ್ಸ್ ಆಗುತ್ತದೆ. ಕಡಿತವಾದ ಪಿಂಚಣಿ ಪೂರ್ತಿ ಮರಳುವುದು 15 ವರ್ಷ ಕಳೆದ ಮೇಲೆ.

ಕಟ್ಟುವಾಗ ಮಕ್ಕಳು ಸಣ್ಣವರು. ನಮಗೆ ಎಪ್ಪತ್ತೈದು ಆಗುವಾಗ ಮಗ ದುಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ. ಮೇಲಿನ ಕೋಣೆಗಳಿಗೆ ಬೀಗ. ಮನೆ ಅಗ್ಗವೋ ದುಬಾರಿಯೋ ಎಂದು ನಿಜವಾಗಿ ಗೊತ್ತಾಗುವುದು ಆಗಲೇ.

ಗುಡ್ಡೆಯ ಮೇಲೆ ಸೆಂಟ್ಸಿಗೆ ಕ್ರಯ ಕಡಿಮೆ, ನಿಜ. ಆದರೆ ರಾತ್ರಿ ಎದೆನೋವು ಬಂದರೆ ಆಂಬುಲೆನ್ಸ್ ಅಂಗಳಕ್ಕೆ ಬರುತ್ತದಾ? ನಮ್ಮವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. 2020ರಲ್ಲಿ ಕೊರೊನಾ ಕಾಲಕ್ಕೆ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಆಸ್ಪತ್ರೆ ತಲುಪಲಾಗದೆ ರೋಗಿಗಳು ತೀರಿಕೊಂಡದ್ದು ಯಾರೂ ಮರೆತಿಲ್ಲ. ಹಾಗಾಗಿ ಜಾಗ ನೋಡುವ ಮೊದಲು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ನಿಮ್ಮ ಕಾರ್ಡ್ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ಅಲ್ಲಿಗೆ ದಾರಿ ಎಷ್ಟು ಎಂದು ನೋಡಿ. ರಸ್ತೆ ಬದಿಯ ಐದು ಸೆಂಟ್ಸು ಮುದುಕರಿಗೆ ಸಾಕು. ಒಂದೇ ಮಹಡಿ, ಎರಡು ಕೋಣೆ, ಕಮೋಡ್, ಗೋಡೆಗೆ ಹಿಡಿಕೆ. ಇಷ್ಟಿದ್ದರೆ ಆಯಿತು.

ಈಗಾಗಲೇ ದೊಡ್ಡ ಮನೆ ಕಟ್ಟಿದವರು ಮೇಲಿನ ಮಹಡಿಗೆ ಹೊರಗಿನಿಂದ ಮೆಟ್ಟಿಲು ಹಾಕಿಸಿ ಬಾಡಿಗೆಗೆ ಕೊಡಬಹುದು. ಕರಾರುಪತ್ರ ಮಾಡಿಕೊಂಡೇ ಕೊಡಿ. ಒಂದು ಸಂಗತಿ ಮಾತ್ರ ನೆನಪಿರಲಿ. ಮಾಜಿ ಸೈನಿಕರು ತಾವೇ ವಾಸಿಸುವ ಮನೆಗೆ ಕೇರಳದಲ್ಲಿ ಕಟ್ಟಡ ತೆರಿಗೆಯ ವಿನಾಯಿತಿ ಇದೆ, ಅದಕ್ಕೆ ವಿಸ್ತೀರ್ಣದ ಮಿತಿಯೂ ಇದೆ. ಬಾಡಿಗೆಗೆ ಕೊಟ್ಟರೆ ಅದು ಏನಾಗುತ್ತದೆ ಎಂದು ಪಂಚಾಯತಿನಲ್ಲಿ ಮೊದಲೇ ಕೇಳಿಬಿಡಿ.

ಸರಕಾರದ ಸಹಾಯದ ಬಗ್ಗೆ ಊರಲ್ಲಿ ಸುಮ್ನೆ ಹಬ್ಬಿದ ಮಾತು ಜಾಸ್ತಿ. ಕೇಂದ್ರೀಯ ಸೈನಿಕ ಮಂಡಳಿ ಮನೆ ಸಾಲದ ಬಡ್ಡಿಯ ಅರ್ಧವನ್ನು, ಗರಿಷ್ಠ 1 ಲಕ್ಷ ರೂಪಾಯಿಯವರೆಗೆ, ಕೊಡುವುದುಂಟು. ಆದರೆ ಅದು ಯುದ್ಧದಲ್ಲಿ ಅಥವಾ ಸೇವೆಯ ಕಾರಣದಿಂದ ಮಡಿದವರ ಕುಟುಂಬಕ್ಕೆ, ಅಂಗವಿಕಲರಾದವರಿಗೆ. ನಮ್ಮಂಥ ಸಾಮಾನ್ಯ ನಿವೃತ್ತರು ಅದಕ್ಕಾಗಿ ಚಪ್ಪಲಿ ಸವೆಸಬೇಕಾಗಿಲ್ಲ. ಮನೆಯೇ ಇಲ್ಲದವರಿಗೆ ರಾಜ್ಯದ ವಸತಿ ಯೋಜನೆ ಲೈಫ್ ಮಿಷನ್ ಇದೆ. ಮನೆ ಕಟ್ಟಲು 4 ಲಕ್ಷ. ವರಮಾನದ ಮಿತಿ ಇರುವುದರಿಂದ ಪಿಂಚಣಿದಾರರು ಮೊದಲು ಲೆಕ್ಕ ಹಾಕಿ ನೋಡಿ. ಪಿಂಚಣಿಯೇ ಇಲ್ಲದೆ ಬಂದವರ ಕಷ್ಟ ಬೇರೆ. 65 ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಅಂಥವರಿಗೆ ಕೇಂದ್ರೀಯ ಸೈನಿಕ ಮಂಡಳಿಯ ತಿಂಗಳ ಸಹಾಯಧನ ಇದೆ. 2025ರ ನವೆಂಬರ್‌ನಿಂದ ಅದನ್ನು 4,000ದಿಂದ 8,000 ರೂಪಾಯಿಗೆ ಏರಿಸಿದ್ದಾರೆ. ಮನೆಗೆಂದು ಕೊಡುವ ಹಣವಲ್ಲ, ಆದರೆ ಒಂದು ಸಣ್ಣ ಬಾಡಿಗೆ ಮನೆ ಹಿಡಿಯಲು ಧೈರ್ಯ ಬರುತ್ತದೆ.

ಸೇನೆಯ ವಸತಿ ಸಂಸ್ಥೆ ಎಡಬ್ಲ್ಯುಎಚ್‌ಒ 1978ರಿಂದ ಲಾಭವಿಲ್ಲದೆ ಮನೆ ಕಟ್ಟಿಸಿಕೊಡುತ್ತಿದೆ, ಹೆಚ್ಚಾಗಿ ನಗರಗಳಲ್ಲಿ. ಸೇನೆಯ ಹೆಸರಿದೆ ಎಂದು ಕಣ್ಣು ಮುಚ್ಚಿ ದುಡ್ಡು ಕಟ್ಟಬೇಡಿ. ಕೊಚ್ಚಿಯ ಚಂದರ್ ಕುಂಜ್‌ನ ಎರಡು ಕಟ್ಟಡಗಳನ್ನು ಕೆಡವಿ ಮತ್ತೆ ಕಟ್ಟಿಸಬೇಕೆಂದು ಕೇರಳ ಹೈಕೋರ್ಟ್ 2025ರ ಫೆಬ್ರವರಿಯಲ್ಲಿ ಹೇಳಿತು. ಅಲ್ಲಿದ್ದವರಲ್ಲೂ ನಿವೃತ್ತ ಫೌಜಿಗಳಿದ್ದರು.

ಇನ್ನು ನನಗೆ ಅತಿ ಮುಖ್ಯ ಅನಿಸುವ ವಿಷಯ. ಎಷ್ಟೋ ಮಂದಿ ಇದ್ದ ಮನೆಯನ್ನು ಪ್ರೀತಿಯಿಂದ ಮಗನ ಹೆಸರಿಗೆ ದಾನಪತ್ರ ಮಾಡಿಬಿಡುತ್ತಾರೆ. ಆಮೇಲೆ ಹಿಂದಿನ ಚಾವಡಿಯಲ್ಲಿ ಮಲಗುತ್ತಾರೆ. ಬಂದೂಕು ಹಿಡಿದವರು ಸೊಸೆಯೆದುರು ಸ್ವರ ಎತ್ತುವುದಿಲ್ಲ, ನಾಚಿಕೆ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮು ಇಂಥವರಿಗಾಗಿಯೇ ಇದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿ, ನೋಡಿಕೊಳ್ಳದಿದ್ದರೆ, ರದ್ದಾಗಬಹುದು. ಆ ಷರತ್ತು ಪತ್ರದಲ್ಲೇ ಇರಲಿ. "ನಾನೂ ಹೆಂಡತಿಯೂ ಬದುಕಿರುವವರೆಗೆ ಇಲ್ಲಿ ವಾಸಿಸುವ ಹಕ್ಕು ನಮ್ಮದು" ಎಂದೂ ಬರೆಸಿ. ಅರ್ಜಿ ಹೋಗುವುದು ಕಂದಾಯ ವಿಭಾಗಾಧಿಕಾರಿ, ಅಂದರೆ ಆರ್‌ಡಿಒ ಅವರ ನ್ಯಾಯಮಂಡಳಿಗೆ. ದಾನಪತ್ರದ ಬದಲು ಉಯಿಲು ಬರೆದರೆ ಇನ್ನೂ ಒಳ್ಳೆಯದು, ಬದುಕಿರುವಾಗ ಯಾವಾಗ ಬೇಕಾದರೂ ಬದಲಾಯಿಸಬಹುದು. ಹೊಸ ಜಾಗ ಕೊಳ್ಳುವುದಾದರೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಕೊಳ್ಳಿ. ಕುಟುಂಬ ಪಿಂಚಣಿ ಹೆಂಡತಿಗೆ ತಾನಾಗಿ ಬರಬಹುದು, ಮನೆ ಪೂರ್ತಿಯಾಗಿ ಹಾಗೆ ಬರುವುದಿಲ್ಲ.

ವಿಚಾರಿಸಬೇಕಾದದ್ದು ಜಿಲ್ಲಾ ಸೈನಿಕ ಕ್ಷೇಮ ಕಚೇರಿಯಲ್ಲಿ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿಯ ಆದೇಶಪತ್ರ ಪಿಪಿಒ, ಗುರುತಿನ ಚೀಟಿ ಕೈಯಲ್ಲಿರಲಿ. ಮಲಯಾಳದ ಫಾರ್ಮ್ ನೋಡಿ ಹಿಂದೆ ಬರಬೇಡಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಕಾಯಿದೆ ನಮಗೆ ಕೊಟ್ಟಿದೆ. ಅರ್ಜಿಯ ಒಂದು ಪ್ರತಿಗೆ ಸೀಲು ಹಾಕಿಸಿಕೊಂಡೇ ಹೊರಡಿ.

ನಮಸ್ಕಾರ.