ಆರು ತಂತಿಯ ಪೆಡಲ್

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಬಂದಿದ್ದೀರಿ, ಪೀಠಿಕೆ ಹಾಕಿ ನಿಮ್ಮನ್ನು ಕಾಯಿಸುವುದಿಲ್ಲ.

ಹಳೆಯ ಮಾರುತಿಯನ್ನೋ ಜಿಪ್ಸಿಯನ್ನೋ ತಂದು, ಇಂಜಿನ್ ಇಳಿಸಿ ಮೋಟರ್ ಕೂರಿಸುವವರ ಮಾತೆಲ್ಲ ಬ್ಯಾಟರಿ, ಮೋಟರ್, ಮೈಲೇಜಿನ ಸುತ್ತಲೇ. ಆಕ್ಸಿಲರೇಟರ್ ಪೆಡಲ್ ವಿಷಯ ತೆಗೆದರೆ, ‘ಅದೇನು, ನಾಲ್ಕು ವಯರ್ ತಾನೇ, ಕೊನೆಗೆ ಸಿಕ್ಕಿಸಿದರಾಯಿತು’ ಅನ್ನುತ್ತಾರೆ. ಇವತ್ತು ಮಾತಾಡುವುದು ಆ ಕೊನೆಯ ಕೆಲಸದ ಬಗ್ಗೆಯೇ.

ಪೆಟ್ರೋಲ್ ಗಾಡಿಯಲ್ಲಿ ಆಕ್ಸಿಲರೇಟರ್ ಕೇಬಲ್ ತುಂಡಾದರೆ ಕಾರ್ಬುರೇಟರಿನ ಸ್ಪ್ರಿಂಗು ಬಾಗಿಲು ಮುಚ್ಚುತ್ತದೆ, ಗಾಡಿ ಐಡಲಿಗೆ ಬರುತ್ತದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಅಂಥ ಸ್ಪ್ರಿಂಗಿಲ್ಲ. ಮೋಟರಿಗೆ ಎಷ್ಟು ಎಳೆಯಬೇಕೆಂದು ಹೇಳುವುದು 5 ವೋಲ್ಟಿನೊಳಗಿನ ಒಂದು ಸಂಕೇತ ಮಾತ್ರ. ತಂತಿ ತುಂಡಾದರೆ ಗಾಡಿ ನಿಲ್ಲಲೂಬಹುದು, ಪೂರ್ತಿ ತುಳಿದ ಹಾಗೆ ನುಗ್ಗಲೂಬಹುದು. ಅದು ಯಾವ ತಂತಿ ತುಂಡಾಯಿತು ಅನ್ನುವುದರ ಮೇಲೆ ನಿಂತಿದೆ. ವಯರಿಂಗ್ ಸರಿಯಿದ್ದಾಗ ಗಾಡಿ ಹೇಗೆ ಓಡುತ್ತದೆ ಅನ್ನುವುದಕ್ಕಿಂತ, ಕೆಟ್ಟಾಗ ಏನು ಮಾಡುತ್ತದೆ ಅನ್ನುವುದನ್ನು ನಾವು ಮೊದಲು ನೋಡಬೇಕು.

ಮೇಜಿನ ಮೇಲಿರುವ ಈ ಪೆಡಲ್ ನೋಡಿ. ಸಾಕೆಟ್ಟಿನಲ್ಲಿ ಆರು ಪಿನ್. ಒಳಗೆ ಒಂದಲ್ಲ, ಎರಡು ಸೆನ್ಸರ್. ಪ್ರತಿಯೊಂದಕ್ಕೂ ಮೂರು ತಂತಿ: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಈ ಬಗೆಯ ಪೆಡಲಿನಲ್ಲಿ ಕಾಲಿಡದಿದ್ದಾಗ ಒಂದನೇ ಸಿಗ್ನಲ್ ಸುಮಾರು 0.75 ವೋಲ್ಟ್, ಪೂರ್ತಿ ತುಳಿದಾಗ ಸುಮಾರು 3.8. ಎರಡನೆಯದು ಯಾವಾಗಲೂ ಅದರ ಅರ್ಧ. ಇನ್ನು ಕೆಲವು ಪೆಡಲ್‌ಗಳಲ್ಲಿ ಎರಡೂ ಒಂದೇ ಏರಿನಲ್ಲಿ ಹೋಗುತ್ತವೆ, ನಡುವೆ ಒಂದಿಷ್ಟು ಅಂತರ ಹಾಗೇ ಉಳಿದಿರುತ್ತದೆ. ಎಲ್ಲೂ ಸೊನ್ನೆಯಿಂದ ಶುರುವಾಗುವುದಿಲ್ಲ, 5ಕ್ಕೆ ಮುಗಿಯುವುದೂ ಇಲ್ಲ. ಕೆಳಗೂ ಮೇಲೂ ಬಿಟ್ಟಿರುವ ಆ ಜಾಗ ತಂತಿ ತುಂಡಾದದ್ದನ್ನು ಪತ್ತೆ ಹಚ್ಚಲಿಕ್ಕೆ. ಸೊನ್ನೆ ಬಂತೆಂದರೆ ‘ಕಾಲು ತೆಗೆದಿದ್ದಾರೆ’ ಎಂದಲ್ಲ, ‘ಎಲ್ಲೋ ಕೆಟ್ಟಿದೆ’ ಎಂದು ಅರ್ಥ.

ಗುಜರಿಯಿಂದ ತಂದ ಪೆಡಲಿಗೆ ಯಾವ ಪಿನ್ ಯಾವುದು ಅಂತ ತಿಳಿಯಬೇಕಾದರೆ ಆ ಗಾಡಿಯ ವಯರಿಂಗ್ ನಕ್ಷೆಯೇ ಒಳ್ಳೆಯ ದಾರಿ. ಒಳಗಿರುವುದು ಪೊಟೆನ್ಶಿಯೋಮೀಟರ್ (ತುಳಿದಂತೆ ಜಾರುವ ಸಂಪರ್ಕವಿರುವ ರೆಸಿಸ್ಟರ್) ಆದರೆ ಓಮ್ ಮೀಟರ್ ಹಿಡಿದು ಕಂಡುಹಿಡಿಯಬಹುದು: ತುಳಿದರೂ ಬದಲಾಗದ ಜೋಡಿ ಎರಡು ತುದಿಗಳು, ಉಳಿದದ್ದು ಸಿಗ್ನಲ್. ಅಯಸ್ಕಾಂತದ ಚಲನೆಯನ್ನು ಅಳೆಯುವ ಹಾಲ್ ಸೆನ್ಸರ್ ಆದರೆ ಓಮ್ ಮೀಟರಿನಿಂದ ಏನೂ ತಿಳಿಯುವುದಿಲ್ಲ. ನಕ್ಷೆ ನೋಡಿ, ಕರೆಂಟನ್ನು 50 ಮಿಲಿಆಂಪಿಗೆ ಕಟ್ಟಿಟ್ಟ ಬೆಂಚ್ ಸಪ್ಲೈಯಿಂದ 5 ವೋಲ್ಟ್ ಕೊಟ್ಟು ಅಳೆಯಿರಿ. ‘ಗಾಡಿಯದೇ ಸಾಮಾನಲ್ಲವೇ’ ಅಂತ 12 ವೋಲ್ಟ್ ಕೊಟ್ಟರೆ ಪೆಡಲ್ ಹೋಯಿತು ಅಂತಲೇ ಲೆಕ್ಕ.

ಈಗ ಗ್ರೌಂಡ್. ಹೆಚ್ಚಿನವರು ಎಡವುವುದು ಇಲ್ಲೇ. ಗ್ಯಾರೇಜಿನ ಅಭ್ಯಾಸ ಏನೆಂದರೆ, ಕಪ್ಪು ತಂತಿ ಸಿಕ್ಕಿತೋ, ಹತ್ತಿರದ ಬೋಲ್ಟಿಗೆ ಬಿಗಿ, ಬಾಡಿ ಅರ್ತ್ ಆಯಿತು. ಪೆಡಲಿನ ಗ್ರೌಂಡನ್ನು ಹಾಗೆ ಮಾಡಲೇಬಾರದು. ಕಾರಣ ಎರಡು. ಬಾಡಿಯಲ್ಲಿ ವೈಪರ್, ಹಾರ್ನ್, ಹೆಡ್‌ಲೈಟಿನ ಕರೆಂಟೆಲ್ಲ ಹರಿಯುತ್ತಿರುತ್ತದೆ. ಅಲ್ಲಿ ವೋಲ್ಟಿನ ಹತ್ತನೇ ಒಂದು ಭಾಗ ಆಚೀಚೆ ಆದರೂ ಸಿಗ್ನಲ್ ಅಷ್ಟೇ ಕದಲುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಕಂಟ್ರೋಲರ್ ಅಂದರೆ ಪೆಡಲಿನ ಸಂಕೇತ ಓದಿ ಬ್ಯಾಟರಿಯಿಂದ ಮೋಟರಿಗೆ ಕರೆಂಟು ಬಿಡುವ ಪೆಟ್ಟಿಗೆ. 48ರಿಂದ 144 ವೋಲ್ಟಿನ ಅನೇಕ ಕಂಟ್ರೋಲರ್‌ಗಳಲ್ಲಿ ಪೆಡಲ್ ಗ್ರೌಂಡ್ ಒಳಗಿಂದೊಳಗೆ ದೊಡ್ಡ ಬ್ಯಾಟರಿಯ ಮೈನಸ್ಸಿಗೇ ಸೇರಿರುತ್ತದೆ. ಅದನ್ನು ಬಾಡಿಗೆ ಬಿಗಿದರೆ ಇಡೀ ಗಾಡಿಯ ತಗಡು ಬ್ಯಾಟರಿಯ ಒಂದು ತುದಿಯಾಗುತ್ತದೆ. ಆಮೇಲೆ ಬಾನೆಟ್ಟಿನೊಳಗೆ ಪ್ಲಸ್ ತುದಿಗೆ ಸ್ಪ್ಯಾನರ್ ತಾಗಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಆದ್ದರಿಂದ ಮೊದಲೇ ಪರೀಕ್ಷಿಸಿ: ಬ್ಯಾಟರಿ ಕಳಚಿ, ಕಂಟ್ರೋಲರಿನ ಕೆಪಾಸಿಟರ್ ಖಾಲಿಯಾಗಿದೆಯೆಂದು ಮೀಟರಿನಲ್ಲಿ ಖಚಿತ ಮಾಡಿಕೊಂಡು, ಪೆಡಲ್ ಗ್ರೌಂಡಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಮೀಟರಿನ ಬಜರ್ ಹಾಕಿ. ಕೂಗಿದರೆ ಪೆಡಲಿನ ಆರೂ ತಂತಿಗಳನ್ನು ದೊಡ್ಡ ಬ್ಯಾಟರಿಯ ತಂತಿ ಎಂದೇ ಭಾವಿಸಿ ನಡೆಸಿಕೊಳ್ಳಬೇಕು. 12 ವೋಲ್ಟಿನ ಬ್ರೇಕ್ ಸ್ವಿಚ್ಚನ್ನು ಅದರ ಜೊತೆ ಸೇರಿಸುವಾಗ ನಡುವೆ ಎರಡು ಸರ್ಕ್ಯೂಟನ್ನು ಬೇರೆಯಾಗಿಡುವ ರಿಲೇಯೋ ಆಪ್ಟೋಕಪ್ಲರೋ ಇರಬೇಕು.

ಕೇಬಲ್ ವಿಷಯ ಬೇಗ ಮುಗಿಸುತ್ತೇನೆ. ಆರು ಎಳೆಯ, 0.5 ಚದರ ಮಿಲಿಮೀಟರಿನ ಶೀಲ್ಡ್ (ಲೋಹದ ಹೊದಿಕೆಯ) ಕೇಬಲ್ ಸಾಕು. ಶೀಲ್ಡನ್ನು ಕಂಟ್ರೋಲರ್ ಕಡೆ ಮಾತ್ರ ಗ್ರೌಂಡಿಗೆ ಸೇರಿಸಿ, ಪೆಡಲ್ ಕಡೆ ಕತ್ತರಿಸಿ ಹೀಟ್ ಶ್ರಿಂಕ್ ಹಾಕಿ. ಮೋಟರಿನ ದಪ್ಪ ಕೇಬಲ್‌ಗಳಿಂದ ಒಂದಡಿ ದೂರವಿರಲಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿ, ಜೊತೆಯಲ್ಲಿ ಓಡಿಸಬೇಡಿ. ಇಷ್ಟಾದರೂ ನಿಧಾನ ವೇಗದಲ್ಲಿ ಗಾಡಿ ಜಗ್ಗಿದರೆ ಕಂಟ್ರೋಲರಿನ ಹತ್ತಿರ ಸಿಗ್ನಲಿಗೆ 1 ಕಿಲೋಓಮ್, 1 ಮೈಕ್ರೋಫ್ಯಾರಡ್ ಫಿಲ್ಟರ್ ಹಾಕಬಹುದು. ಎರಡೂ ಸಿಗ್ನಲಿಗೆ ಒಂದೇ ಅಳತೆಯದ್ದಿರಲಿ, ಇಲ್ಲದಿದ್ದರೆ ಜೋರಾಗಿ ತುಳಿದಾಗ ಒಂದು ಮುಂದೆ, ಒಂದು ಹಿಂದೆ ಆಗುತ್ತದೆ.

ಈಗ ಒಂದು ಪ್ರಯೋಗ. ಈ ಪೆಡಲಿನೊಳಗಿರುವುದು 5 ಕಿಲೋಓಮ್ ಪೊಟೆನ್ಶಿಯೋಮೀಟರ್. ಮೀಟರ್ ನೋಡಿ, ಕಾಲಿಲ್ಲ, 0.75. ಸಿಗ್ನಲ್ ತಂತಿ ಎಳೆಯುತ್ತೇನೆ. ಅಂಕಿ ತೇಲಾಡುತ್ತಿದೆ, ಗಾಳಿಯಲ್ಲಿ ತೂಗುವ ತಂತಿ ಏನು ಬೇಕಾದರೂ ಹೇಳುತ್ತದೆ. ಅದಕ್ಕೇ ಕಂಟ್ರೋಲರಿನ ಕಡೆ ಸಿಗ್ನಲಿನಿಂದ ಗ್ರೌಂಡಿಗೆ ಒಂದು ಪುಲ್‌ಡೌನ್ ರೆಸಿಸ್ಟರ್ ಹಾಕುವುದು. ಈಗ 10 ಕಿಲೋಓಮ್ ಹಾಕಿದೆ. ತಂತಿ ಎಳೆದರೆ ಸೊನ್ನೆ. ಚೆನ್ನಾಯಿತು ಅನ್ನಿಸುತ್ತದೆ. ತಂತಿ ಮತ್ತೆ ಸಿಕ್ಕಿಸಿ, ಈ ಸಲ ಪೆಡಲಿನ ಗ್ರೌಂಡ್ ಎಳೆಯುತ್ತೇನೆ. ಕಾಲಿಟ್ಟಿಲ್ಲ. ಮೀಟರ್ 3.5 ವೋಲ್ಟ್ ತೋರಿಸುತ್ತಿದೆ! ಅಂದರೆ 90 ಶೇಕಡಾ ತುಳಿದ ಹಾಗೆ. ಮೇಲಿನ ತುದಿಯ 5 ವೋಲ್ಟ್ ಪೊಟೆನ್ಶಿಯೋಮೀಟರಿನ ಉಳಿದ 4.25 ಕಿಲೋಓಮ್ ದಾಟಿ ಸಿಗ್ನಲಿಗೆ ಬರುತ್ತದೆ, ನಮ್ಮ 10 ಕಿಲೋಓಮ್ ಅದನ್ನು ಒಂದಿಷ್ಟು ಕೆಳಗೆಳೆದು ಸರಿಯಾಗಿ ‘ನಿಜವಾದ’ ವ್ಯಾಪ್ತಿಯೊಳಗೆ ಕೂರಿಸುತ್ತದೆ. ಕಂಟ್ರೋಲರಿಗೆ ಸಂಶಯವೇ ಬರುವುದಿಲ್ಲ. ಈಗ 10ರ ಬದಲು 100 ಕಿಲೋಓಮ್. ಗ್ರೌಂಡ್ ಎಳೆದರೆ 4.8. ಇದು ವ್ಯಾಪ್ತಿಯ ಆಚೆ, ಮೇಲ್ಮಿತಿಯನ್ನು 4.5ಕ್ಕೆ ಇಟ್ಟಿದ್ದರೆ ಕಂಟ್ರೋಲರ್ ತಪ್ಪನ್ನು ಹಿಡಿಯುತ್ತದೆ. ಸುರಕ್ಷತೆಗೆಂದು ಹಾಕಿದ ರೆಸಿಸ್ಟರೇ ಅಳತೆ ತಪ್ಪಿದರೆ ಅಪಾಯ. ಹಾಲ್ ಸೆನ್ಸರಿನ ಲೆಕ್ಕ ಬೇರೆ. ಅದಕ್ಕೆ ಎಷ್ಟು ಭಾರ ಹೊರಿಸಬಹುದೆಂದು ಅದರ ಡೇಟಾಶೀಟ್ ಹೇಳುತ್ತದೆ. ಆದರೆ ಎಳೆದು ನೋಡುವ ಕ್ರಮ ಎಲ್ಲಕ್ಕೂ ಇದೇ.

ಎರಡನೇ ಸೆನ್ಸರ್ ಬೇಕಾಗುವುದು ಇಂಥ ಕಡೆ. ‘ಕಂಟ್ರೋಲರಿಗೆ ಒಂದೇ ಸಿಗ್ನಲ್ ಸಾಕು, ಉಳಿದ ಮೂರು ತಂತಿ ಕತ್ತರಿಸಿಬಿಡಿ’ ಅನ್ನುವವರಿದ್ದಾರೆ. ನನ್ನ ಮಾತು ಕೇಳುವುದಾದರೆ ಬೇಡ. ಸಣ್ಣದೊಂದು ಮೈಕ್ರೋಕಂಟ್ರೋಲರ್ ಬೋರ್ಡನ್ನು ಕಾವಲಿಗೆ ಕೂರಿಸಿ. ಅದು ಸಿಗ್ನಲಿನ ದಾರಿಯಲ್ಲಿ ತಲೆಹಾಕಬಾರದು. ಒಂದನೇ ಸಿಗ್ನಲ್ ನೇರ ಕಂಟ್ರೋಲರಿಗೇ ಹೋಗಲಿ. ಬೋರ್ಡು ಎರಡನ್ನೂ ಓದಿ ಶೇಕಡಾಕ್ಕೆ ತಿರುಗಿಸಿ ಹೋಲಿಸುತ್ತದೆ. ವಿದ್ಯಾರ್ಥಿಗಳ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ನಿಯಮವನ್ನೇ ತೆಗೆದುಕೊಳ್ಳಿ: ಎರಡರ ನಡುವೆ 10 ಶೇಕಡಾಕ್ಕಿಂತ ಹೆಚ್ಚಿನ ವ್ಯತ್ಯಾಸ 100 ಮಿಲಿಸೆಕೆಂಡ್ ದಾಟಿ ನಿಂತರೆ ಮೋಟರಿನ ಶಕ್ತಿ ಕಡಿಯಬೇಕು. ಕಡಿಯುವುದು ಸಿಗ್ನಲನ್ನಲ್ಲ, ಕಂಟ್ರೋಲರನ್ನು ಆನ್ ಇಡುವ ಎನೇಬಲ್ ತಂತಿಯನ್ನು, ರಿಲೇ ಮೂಲಕ. ಬೋರ್ಡೇ ಸತ್ತರೂ ರಿಲೇ ತಾನಾಗಿ ಬಿಟ್ಟು ಮೋಟರಿನ ಶಕ್ತಿ ಕಡಿಯುವ ಹಾಗಿರಲಿ. ಇನ್ನೊಂದು, ಎರಡು ಸೆನ್ಸರಿನ ಗ್ರೌಂಡನ್ನು ಪೆಡಲಿನ ಹತ್ತಿರವೇ ಸೇರಿಸಿ ಒಂದೇ ತಂತಿ ಎಳೆಯಬೇಡಿ. ಆ ಒಂದು ತುಂಡಾದರೆ ಎರಡೂ ಒಟ್ಟಿಗೆ ಸುಳ್ಳು ಹೇಳುತ್ತವೆ.

ಕಂಟ್ರೋಲರ್ ಸೆಟ್ಟಿಂಗಿನಲ್ಲಿ ಮೊದಲು ಥ್ರಾಟಲ್ ಬಗೆ ಸರಿಯಿದೆಯೇ ನೋಡಿ. ಓಮ್ ಲೆಕ್ಕದ ಬಗೆಯಲ್ಲಿ ಬಿಟ್ಟು ವೋಲ್ಟ್ ಕೊಟ್ಟರೆ ಗಾಡಿ ಅಲುಗದಿರಬಹುದು, ಇಲ್ಲ ಪೆಡಲ್ ಉಲ್ಟಾ ಕೆಲಸ ಮಾಡಬಹುದು. ಈ ಪೆಡಲಿಗೆ ಶುರು 0.9, ಪೂರ್ತಿ 3.6 ಎಂದಿಡಿ, ಎರಡೂ ತುದಿಯಲ್ಲಿ ಒಂದಿಷ್ಟು ಸಡಿಲ ಇದ್ದರೆ ಬಿಸಿಗೆ, ಸವೆತಕ್ಕೆ ಜಾಗ ಸಿಗುತ್ತದೆ. ಪೆಡಲ್ ಒತ್ತಿಕೊಂಡೇ ಕೀ ತಿರುಗಿಸಿದರೆ ಗಾಡಿ ಹೊರಡದಂತೆ ಮಾಡುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ.

ಬ್ರೇಕೂ ಆಕ್ಸಿಲರೇಟರೂ ಒಟ್ಟಿಗೆ ಒತ್ತಿದರೆ ಬ್ರೇಕ್ ಗೆಲ್ಲಬೇಕು ಅನ್ನುವ ನಿಯಮ ಒಳ್ಳೆಯದೇ. ಆದರೆ ನಮ್ಮ ಕೊಡಗು ಜಿಲ್ಲೆಯಲ್ಲಿ ಏರಿನಲ್ಲಿ ನಿಲ್ಲಿಸಿ ಹೊರಡದ ದಿನವಿಲ್ಲ. ಎರಡು ಕಾಲು ಬಳಸಿ ಹೊರಡುವ ಅಭ್ಯಾಸದವರಿಗೆ ಗಾಡಿ ಹಿಂದಕ್ಕೆ ಜಾರುತ್ತದೆ. ಅಂಥವರು ಹ್ಯಾಂಡ್‌ಬ್ರೇಕ್ ಎಳೆದು ಹೊರಡುವುದನ್ನು ಕಲಿಯಬೇಕು, ಹ್ಯಾಂಡ್‌ಬ್ರೇಕಿನ ಸ್ವಿಚ್ಚನ್ನು ಆ ನಿಯಮಕ್ಕೆ ಸೇರಿಸಬಾರದು. ಇಳಿಜಾರಿನದ್ದು ಬೇರೆ ತೊಂದರೆ. ಕಾಲು ತೆಗೆದರೆ ಮೋಟರ್ ಹಿಡಿದು ಬ್ಯಾಟರಿಗೆ ಚಾರ್ಜ್ ತುಂಬುವ ಹಾಗೆ ಸೆಟ್ ಮಾಡಿದ್ದರೆ, ಒಂದು ಟನ್ ಗಾಡಿ ಸಾವಿರ ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 2.7 ಯೂನಿಟ್. ಒಂದಷ್ಟು ಘರ್ಷಣೆಗೆ ಹೋದರೂ ಮಡಿಕೇರಿಯಲ್ಲಿ ಫುಲ್ ಚಾರ್ಜ್ ಮಾಡಿ ಸಂಪಾಜೆ ಘಾಟಿ ಇಳಿಯಲು ಹೊರಟರೆ ಅದಕ್ಕೆ ಬ್ಯಾಟರಿಯಲ್ಲಿ ಜಾಗ ಇರುವುದಿಲ್ಲ. ಬ್ಯಾಟರಿಯನ್ನು ಕಾಯುವ ಬಿಎಂಎಸ್ ಬೇಡವೆನ್ನುತ್ತದೆ, ಕಾಲ ಕೆಳಗಿನ ಹಿಡಿತ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಘಾಟಿಗೆ ಹೋಗುವ ದಿನ ಚಾರ್ಜನ್ನು ಮೊದಲೇ ನಿಲ್ಲಿಸಿ.

ಮಳೆ. ಕಕ್ಕಡ ತಿಂಗಳ ಮಳೆಯಲ್ಲಿ ಒದ್ದೆ ಬೂಟಿನಿಂದ ನೀರು ಪೆಡಲಿನ ಬುಡಕ್ಕೇ ಇಳಿಯುತ್ತದೆ. ನೆಲಕ್ಕೆ ಕೂರಿಸುವ ಪೆಡಲಿಗಿಂತ ಮೇಲಿಂದ ತೂಗುವುದು ನಮಗೆ ಹೊಂದುತ್ತದೆ. ಸಾಕೆಟ್ ರಬ್ಬರ್ ಸೀಲಿನದ್ದಿರಲಿ. ಕೇಬಲ್ ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೇರಲಿ, ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಪಿನ್ ಹಸಿರು ಕಟ್ಟಿದ್ದರೆ ಉಜ್ಜಿ ಮುಂದೂಡಬೇಡಿ, ಬದಲಿಸಿ; ಸಿಗ್ನಲಿನಲ್ಲಿ ಹರಿಯುವ ಕರೆಂಟು ಎಷ್ಟು ಕಡಿಮೆಯೆಂದರೆ ಆ ಹಸಿರು ಪದರವನ್ನು ದಾಟಲು ಅದಕ್ಕೆ ಬಲವಿಲ್ಲ. ತೋಟದ ಶೆಡ್ಡಿನಲ್ಲಿ ನಿಲ್ಲಿಸುವವರು ಕೇಬಲಿಗೆ ಗಟ್ಟಿ ಕೊಳವೆ ಹಾಕಿ, ಇಲಿಗೆ ಶೀಲ್ಡ್ ಲೆಕ್ಕಕ್ಕಿಲ್ಲ.

ಕಾನೂನಿನ ಮಾತು ಒಂದೇ ಸಾಲು: ರಸ್ತೆಗಿಳಿಸಬೇಕಾದರೆ ಎಐಎಸ್-123 ಎಂಬ ವಾಹನ ಮಾನದಂಡದ ಪ್ರಕಾರ ಮಂಜೂರಾದ ಕಿಟ್ ಬೇಕು, ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು. ಮನೆಯಲ್ಲೇ ಜೋಡಿಸಿದ್ದು ತೋಟದೊಳಗೇ ಇರಲಿ.

ಕೊನೆಯ ಪರೀಕ್ಷೆಯನ್ನು ಈಗ ನೀವೇ ಮಾಡಿ ನೋಡಿ. ಹೊರಗೆ ಶೆಡ್ಡಿನಲ್ಲಿರುವ ಗಾಡಿಯ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆ ಎತ್ತಿ ಇಟ್ಟಿದೆ. ಪೆಡಲನ್ನು ಕಾಲು ಭಾಗ ಒತ್ತಿ ಹಿಡಿದು, ಆರು ತಂತಿಗಳನ್ನು ಒಂದೊಂದಾಗಿ ಕಳಚಬೇಕು. ಪ್ರತಿ ಸಲವೂ ಮೋಟರಿನ ಶಕ್ತಿ ಕಡಿಯಬೇಕು. ಆಮೇಲೆ ಎರಡು ಸಿಗ್ನಲನ್ನು ಒಂದಕ್ಕೊಂದು ತಾಗಿಸಿ, ಸಿಗ್ನಲನ್ನು 5 ವೋಲ್ಟಿಗೆ ತಾಗಿಸಿ. ಎಮರ್ಜೆನ್ಸಿ ಸ್ವಿಚ್ಚಿನ ಮೇಲೆ ಒಬ್ಬರ ಕೈ ಇರಲೇಬೇಕು. ಆರರಲ್ಲಿ ಒಂದು ತಂತಿಯನ್ನು ಬೇಕೆಂದೇ ತಪ್ಪಾಗಿ ಜೋಡಿಸಿದ್ದೇವೆ. ಯಾವುದೆಂದು ಮೀಟರ್ ಹಿಡಿದು ಕಂಡುಹಿಡಿಯಿರಿ, ಕಾಫಿ ಅಲ್ಲಿಗೇ ಬರುತ್ತದೆ.